ಮುನ್ನೂರು ರೂಪಾಯಿಯ ಮೀಟರು ಮತ್ತು ನಮ್ಮ ತೋಡು

ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಎರಡನೇ ಕಟ್ಟ ಹಾಕಿ ಮುಗಿಸಿದ್ದು ಡಿಸೆಂಬರ್ 4ಕ್ಕೆ. ಹದಿನೈದು ದಿನ ಕಳೆಯುವಷ್ಟರಲ್ಲಿ ನೀರು ನಾರಲು ಶುರುವಾಯಿತು. ಮೇಲಿನ ಕಟ್ಟದ ನೀರಿಗೆ ಏನೂ ಇಲ್ಲ, ಕೆಳಗಿನದ್ದಕ್ಕೆ ಮಾತ್ರ. ಬೆಳಗ್ಗೆ ಪಂಪು ಬಿಡಲು ಹೋದವರು ಮೂಗು ಮುಚ್ಚಿಕೊಂಡು ಬರತೊಡಗಿದರು. ಕ್ರಿಸ್‌ಮಸ್ ರಜೆಯಲ್ಲಿ ಕಟ್ಟದಲ್ಲಿ ಈಜಿದ ಮಕ್ಕಳಿಗೆ ಮೈ ತುರಿಕೆ.

ಪೆರ್ಲದಿಂದ ಒಳಗೆ, ಕರ್ನಾಟಕದ ಗಡಿಗೆ ತಾಗಿದ ಬೈಲು ನಮ್ಮದು. ಗುಡ್ಡೆಯ ಒರತೆ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಗಳ ನೀರೆಲ್ಲ ಕೂಡಿ ಹರಿದು ಕೊನೆಗೆ ಶಿರಿಯಾ ಹೊಳೆ ಸೇರುವ ಸಣ್ಣ ತೋಡು. ಅದಕ್ಕೆ ಹೆಸರೂ ಇಲ್ಲ, ತೋಡು ಅಂದರೆ ಅದೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಕಾಸರಗೋಡು. ಆದರೂ ಮಾರ್ಚಿಗೆ ಬೈಲು ಒಣಗುತ್ತದೆ. ಹಾಗಾಗಿ ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಕಂಗಿನ (ಅಡಿಕೆ ಮರದ) ಸಲಾಕೆ ಇಟ್ಟು ಅಡ್ಡ ಕಟ್ಟುವುದು ಹಿಂದಿನಿಂದ ಬಂದ ಕ್ರಮ. ಈಗ ಒಳಗೆ ಪ್ಲಾಸ್ಟಿಕ್ ಶೀಟೂ ಬಂದಿದೆ. ಕಟ್ಟ ನಿಂತರೆ ಅಕ್ಕಪಕ್ಕದ ಬಾವಿ, ಕೆರೆಗಳಲ್ಲಿ ನೀರು ನಿಲ್ಲುತ್ತದೆ. ಆದರೆ ನೀರಿನ ಜೊತೆ ಬಂದದ್ದೂ ನಿಲ್ಲುತ್ತದೆ ಎಂಬುದನ್ನು ಯಾರೂ ಆಲೋಚಿಸಿರಲಿಲ್ಲ.

ಕಟ್ಟದ ಖರ್ಚು ಹಂಚಲು ಸೇರಿದ ದಿನ ಇದೇ ಮಾತು. ಹನ್ನೆರಡು ಮನೆಯವರಲ್ಲಿ ಹನ್ನೊಂದು ಮಂದಿ "ರಬ್ಬರ್ ಶೀಟಿನ ನೀರು" ಎಂದರು. ಹನ್ನೆರಡನೆಯವರು ರಬ್ಬರಿನವರೇ. ಅವರು ಸುಮ್ಮನೆ ಕೂತಿದ್ದರು. ನಾನೂ ಆ ಹನ್ನೊಂದರಲ್ಲಿ ಒಬ್ಬಳು. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು, ಒಂದು ಅಳತೆಯೂ ಇಲ್ಲದೆ ತೀರ್ಪು ಕೊಟ್ಟು ಮನೆಗೆ ಬಂದೆ. ರಾತ್ರಿ ನಿದ್ರೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಮರುದಿನ ನೀರು ಶುದ್ಧೀಕರಿಸುವ ಯಂತ್ರ ಮಾರುವ ಹುಡುಗ ಬಂದದ್ದರಿಂದ ವಿಷಯ ಮತ್ತೆ ತಲೆಗೆ ಹೊಕ್ಕಿತು.

ಅವನು ನೀರಿನಲ್ಲಿ ಕರಗಿದ ಲವಣದ ಲೆಕ್ಕ ತೋರಿಸುವ, ಪೆನ್ನಿನಂತಹ ಟಿಡಿಎಸ್ ಮೀಟರನ್ನು ನಮ್ಮ ಬಾವಿನೀರಿಗೆ ಅದ್ದಿದ. 34 ಬಂತು. "ಮೇಡಂ, ನಿಮ್ಮ ನೀರಿನಲ್ಲಿ ಮಿನರಲ್ಲೇ ಇಲ್ಲ, ನಮ್ಮ ಮೆಷಿನ್ ಮಿನರಲ್ ಸೇರಿಸುತ್ತದೆ" ಎಂದ. ನೀರು ಗಡಸಾಗಿರುವ ಊರಿನಲ್ಲಿ ಇದೇ ಹುಡುಗ ಇದೇ ಮೀಟರಿನಲ್ಲಿ 800 ತೋರಿಸಿ "ಮಿನರಲ್ ಜಾಸ್ತಿ" ಎನ್ನುತ್ತಿದ್ದ. ಅತ್ತೆ ಚಾವಡಿಯಿಂದಲೇ ಕೇಳಿದರು, "ಇಷ್ಟು ವರ್ಷ ನಾವು ಕುಡಿದದ್ದು ಎಂತದ್ದು ಹಾಗಾದರೆ?"

ಅವನ ಎದುರೇ ಒಂದು ಪ್ರಯೋಗ ಮಾಡಿದೆ. 200 ಮಿಲಿ ಬಾವಿನೀರಿಗೆ ದನದ ಹಟ್ಟಿ ತೊಳೆದ ನೀರು ಒಂದೇ ಚಮಚ ಹಾಕಿ ಮೀಟರು ಅದ್ದಲು ಹೇಳಿದೆ. 49 ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಂದರೆ ಮೀಟರಿನ ಪ್ರಕಾರ ಆ ಲೋಟ ಕುಡಿಯಬಹುದು! ಈ ಮೀಟರು ತೂಕ ನೋಡುವುದೂ ಇಲ್ಲ, ಹೊಲಸು ನೋಡುವುದೂ ಇಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ, ಒಂದು ಅಂಕಿಯಿಂದ ಗುಣಿಸಿ ತೋರಿಸುತ್ತದೆ, ಅಷ್ಟೆ. ರೋಗಾಣುವಿಗೆ ಅದರಲ್ಲಿ ಲೆಕ್ಕವೇ ಇಲ್ಲ. ಹುಡುಗ ಬೆಲ್ಲ ನೀರು ಕುಡಿದು ಹೋದ. ನಾನು ಅದೇ ಬಗೆಯ ಮೀಟರೊಂದನ್ನು ಮುನ್ನೂರು ರೂಪಾಯಿಗೆ ತರಿಸಿದೆ. ಅದು ಎಷ್ಟು ನಿಷ್ಪ್ರಯೋಜಕ ಎಂದು ಊರಿಗೆ ತೋರಿಸಿಕೊಡುವುದು ನನ್ನ ಉದ್ದೇಶವಾಗಿತ್ತು.

ಸಾಮಾನು ಕೂಡಿಸಿದ್ದು

ಮೊದಲು ಕಲಕು ನೋಡುವ ಕೊಳವೆ. ಮಂಗಳೂರಿನಲ್ಲಿ ಬೋರ್ಡು ಮಾಡುವ ಅಂಗಡಿಯಿಂದ 60 ಸೆಂ.ಮೀ. ಉದ್ದದ, ನಾಲ್ಕು ಸೆಂ.ಮೀ. ಅಗಲದ ಪಾರದರ್ಶಕ ಅಕ್ರಿಲಿಕ್ ಪೈಪು ತಂದೆ. ಅಡಿಗೆ ಒಂದು ಬಿಳಿ ಬಿಲ್ಲೆ. ಅದನ್ನು ನಾಲ್ಕು ಭಾಗ ಮಾಡಿ ಎದುರುಬದುರು ಎರಡಕ್ಕೆ ಕಪ್ಪು ಬಣ್ಣ. ನೀರು ಸುರಿಯುತ್ತಾ ಮೇಲಿನಿಂದ ನೋಡುವುದು, ಕಪ್ಪು ಬಿಳಿಯ ಗೆರೆ ಕಾಣದಾದಾಗ ನಿಲ್ಲಿಸಿ ಎತ್ತರ ಬರೆಯುವುದು. ಬಿಲ್ಲೆಯನ್ನು ಎಂ-ಸೀಲ್‌ನಲ್ಲಿ ಅಂಟಿಸಿ ಒಂದು ಗಂಟೆಗೇ ನೀರು ತುಂಬಿಸಿದೆ, ಸೋರಿತು. ಪೈಪಿನ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ಒರೆಸಿ, ಮತ್ತೆ ಅಂಟಿಸಿ ಒಂದು ರಾತ್ರಿ ಬಿಟ್ಟ ಮೇಲೆ ನಿಂತಿತು. ಈ ಸೆಂಟಿಮೀಟರನ್ನು ಲ್ಯಾಬಿನವರು ಕಲಕು ಅಳೆಯುವ ಎನ್‌ಟಿಯು ಲೆಕ್ಕಕ್ಕೆ ತಿರುಗಿಸುವ ಪಟ್ಟಿಗಳಿವೆ. ನಾನು ಅದರ ಗೋಜಿಗೆ ಹೋಗಲಿಲ್ಲ. ನನಗೆ ಬೇಕಾದದ್ದು ಇಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸ.

ನೀರಿನ ಹುಳಿ ನೋಡುವ ಪಿಎಚ್ ಮೀಟರು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ನನ್ನನ್ನು ಸಾಕಷ್ಟು ಸತಾಯಿಸಿತು. 4.01 ಮತ್ತು 6.86ರ ಪುಡಿ ಕದಡಿದ ನೀರಿನಲ್ಲಿ ಸರಿಯಾಗಿ ಹೊಂದಿಸಿದರೂ ತೋಡಿನಲ್ಲಿ ಅಂಕಿ ನಿಲ್ಲುವುದೇ ಇಲ್ಲ, 7.1, 6.8, 6.5 ಅಂತ ಜಾರುತ್ತಲೇ ಹೋಗುತ್ತದೆ. ಮೀಟರು ಕೆಟ್ಟಿತು ಎಂದು ವಾಪಸು ಕಳಿಸಲು ಕಟ್ಟು ಕಟ್ಟಿದ್ದೆ. ಆಮೇಲೆ ಹೊಳೆಯಿತು: ನಮ್ಮ ನೀರಿನಲ್ಲಿ ಲವಣ ಇಷ್ಟು ಕಡಿಮೆ ಇರುವಾಗ ಎಲೆಕ್ಟ್ರೋಡು ನಿಧಾನಕ್ಕೇ ನೆಲೆಗೊಳ್ಳುವುದು. ಐದು ನಿಮಿಷ ಅಲ್ಲಾಡಿಸದೆ ಹಿಡಿದರೆ ನಿಲ್ಲುತ್ತದೆ. ಆ ಐದು ನಿಮಿಷ ಜಿಗಣೆಗಳಿಗೆ ಹಬ್ಬ.

ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ. 1888ರಷ್ಟು ಹಳೆಯದು, ಈಗಲೂ ಅದರ ಮಾತಿಗೆ ಬೆಲೆ ಉಂಟು. 300 ಮಿಲಿಯ ಗಾಜಿನ ಬಾಟಲಿಗೆ ನೀರು ತುಂಬಿ ಮ್ಯಾಂಗನೀಸ್ ಸಲ್ಫೇಟು ಎರಡು ಮಿಲಿ, ಕ್ಷಾರ, ಅಯೋಡೈಡು, ಅಜೈಡು ಸೇರಿದ ದ್ರಾವಣ ಎರಡು ಮಿಲಿ. ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯುತ್ತದೆ, ಇಲ್ಲದಿದ್ದರೆ ಬಿಳಿ. ಅಳತೆ ಮಾಡುವ ಮೊದಲೇ ಕಣ್ಣಿಗೆ ಉತ್ತರ ಸಿಗುತ್ತದೆ, ಅದೇ ಇದರ ಚಂದ. ಆಮೇಲೆ ಗಂಧಕಾಮ್ಲ ಎರಡು ಮಿಲಿ ಹಾಕಿ ಗಸಿ ಕರಗಿಸಿ, 200 ಮಿಲಿ ತೆಗೆದು, 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡುವುದು, ಅಂದರೆ ಬಣ್ಣ ಹೋಗುವವರೆಗೆ ಹನಿಹನಿಯಾಗಿ ಅಳೆದು ಹಾಕುವುದು. ಕೊನೆಗೆ ಗಂಜಿ ಹಾಕಿದಾಗ ಬರುವ ನೀಲಿ ಮಾಯ. ಈ ಪ್ರಮಾಣದಲ್ಲಿ ಖರ್ಚಾದ ಒಂದೊಂದು ಮಿಲಿಯೂ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ, ಬೇರೆ ಗುಣಾಕಾರ ಬೇಡ. ಬ್ಯೂರೆಟ್ಟಿನ ಬದಲು ಸೂಜಿ ತೆಗೆದ 10 ಮಿಲಿ ಸಿರಿಂಜು. ಅದರಲ್ಲಿ 0.2ರ ಗೆರೆಗಳಿವೆ, ನಮ್ಮ ತೋಡಿಗೆ ಅಷ್ಟು ಸಾಕು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲಬಾರದು, ಅಜೈಡು ವಿಷ. ನಾನು ಹಳೆಯ ಕ್ಯಾನಿನಲ್ಲಿ ಶೇಖರಿಸಿ ಇಟ್ಟಿದ್ದೇನೆ.

ಮೊದಲ ದಿನ ಬಾಲ್ದಿಯಲ್ಲಿ ನೀರು ಎತ್ತಿ ಬಾಟಲಿಗೆ ಸುರಿದೆ. ನಾರುವ ಕಟ್ಟದ ನೀರಿಗೂ 7 ಬಂತು! ಸುರಿಯುವಾಗ ಗುಳುಗುಳು ಎಂದು ಗಾಳಿಯನ್ನು ನಾನೇ ಕೊಟ್ಟಿದ್ದೆ. ಸಣ್ಣ ಟ್ಯೂಬನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ಸೈಫನ್ ಮಾಡಿ, ಬಾಟಲಿಯ ಎರಡು ಪಟ್ಟು ನೀರು ಉಕ್ಕಿ ಹೋಗುವವರೆಗೆ ಬಿಟ್ಟು, ಗುಳ್ಳೆ ಇಲ್ಲದ ಹಾಗೆ ಬಿರಡೆ ಹಾಕಬೇಕು. ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ.

ಮಲದ ಕುರುಹಿಗೆ ಹೈಡ್ರೋಜನ್ ಸಲ್ಫೈಡ್ ಬಾಟಲಿ. 1982ರಲ್ಲಿ ಮಂಜ, ಮೌರ್ಯ, ರಾವ್ ಎಂಬ ಮೂವರು ನಮ್ಮ ದೇಶದವರೇ ರೂಪಿಸಿದ ಸರಳ ಪರೀಕ್ಷೆ ಇದು. ಬಾಟಲಿಯೊಳಗಿನ ಕಾಗದದಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರ, ಥಯೋಸಲ್ಫೇಟು, ಕಬ್ಬಿಣದ ಲವಣ ಇರುತ್ತವೆ. ಕರುಳಿನಿಂದ ಬಂದ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ. ಬೆಚ್ಚಗೆ ಇಟ್ಟರೆ 24ರಿಂದ 48 ಗಂಟೆ. ಬೇಗ ಕಪ್ಪಾದಷ್ಟೂ ಹೊಲಸು ಹೆಚ್ಚು. ಸಿದ್ಧ ಬಾಟಲಿ ಸಿಗುತ್ತದೆ, ಅದನ್ನೇ ತಂದೆ.

ಬೆಚ್ಚಗೆ ಇಡಲು ಮೀನಿನವರ ಥರ್ಮಾಕೋಲ್ ಪೆಟ್ಟಿಗೆ, ಒಳಗೆ 15 ವಾಟಿನ ಜೀರೋ ಬಲ್ಬು, ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಹಾಕುವ ತಾಪ ನೋಡಿ ಆರುವ ಸಣ್ಣ ಬೋರ್ಡು. ಮೊದಲ ರಾತ್ರಿ ಒಳಗೆ 44 ಡಿಗ್ರಿ ಏರಿತು. ಸೆನ್ಸರನ್ನು ಪೆಟ್ಟಿಗೆಯ ಮೂಲೆಗೆ ಸಿಕ್ಕಿಸಿದ್ದು ತಪ್ಪು. ಬಾಟಲಿಗಳ ನಡುವೆ ಸೆನ್ಸರು, ಬಲ್ಬಿನ ಪಕ್ಕ ಒಂದು ಮಡಕೆ ನೀರು ಇಟ್ಟ ಮೇಲೆ 35ರ ಆಸುಪಾಸಿನಲ್ಲಿ ನಿಂತಿತು. ಮೀನಿನ ವಾಸನೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಅತ್ತೆ ಅದನ್ನು ಒಳಗೆ ತರಲು ಬಿಡಲಿಲ್ಲ, ಹಾಗಾಗಿ ನನ್ನ ಪ್ರಯೋಗಶಾಲೆ ಅಡಿಕೆ ಗೋಣಿಗಳ ನಡುವೆ, ಹೊರಗಿನ ಕೊಟ್ಟಿಗೆಯಲ್ಲಿ.

ಜನವರಿ: ಅಂಕಿ ಬಂತು, ಅರ್ಥ ಬರಲಿಲ್ಲ

ಐದು ಜಾಗ ಗುರುತು ಮಾಡಿದೆ. ಸುರಂಗದ ಬಾಯಿ, ರಬ್ಬರ್ ಶೀಟ್ ಮಾಡುವ ಕೊಟ್ಟಿಗೆಯ ಕೆಳಗೆ, ಮೇಲಿನ ಕಟ್ಟ, ನಮ್ಮ ತೋಟದ ಅಂಚು, ಕೆಳಗಿನ ಕಟ್ಟ.

ಸುರಂಗದ ಬಾಯಿಯಲ್ಲೇ ಗಾಬರಿ. ಪಿಎಚ್ 5.8, ಆಮ್ಲಜನಕ 4.6. ಪುಸ್ತಕದ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕು, ಸ್ನಾನಕ್ಕೆ ಸಲ್ಲುವ ಹೊಳೆಯಲ್ಲಿ ಆಮ್ಲಜನಕ ಕನಿಷ್ಠ 5 ಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಹಾಗಾದರೆ ಅಜ್ಜನ ಕಾಲದ ಸುರಂಗದ ನೀರು ಕೆಟ್ಟದ್ದೇ? ಅಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ನೆಲದೊಳಗಿಂದ ಬರುವ ನೀರು ಹುಟ್ಟಿನಿಂದಲೇ ಸ್ವಲ್ಪ ಹುಳಿ. ಮಣ್ಣಿನಲ್ಲಿರುವ ಇಂಗಾಲಾಮ್ಲ ಕರಗಿರುತ್ತದೆ, ಗಾಳಿ ಕಂಡಿರುವುದಿಲ್ಲ. ಅದೇ ನೀರು ಕಲ್ಲುಗಳ ಮೇಲೆ ಹಾರುತ್ತಾ ಐವತ್ತು ಮೀಟರು ಬಂದ ಮೇಲೆ ಅಳೆದರೆ ಪಿಎಚ್ 6.4, ಆಮ್ಲಜನಕ 7.2. ಇಂಗಾಲಾಮ್ಲ ಹೊರಗೆ, ಆಮ್ಲಜನಕ ಒಳಗೆ. ನೀರು ತಾನೇ ಉಸಿರೆಳೆದುಕೊಂಡಿತ್ತು. ಬೇರೆ ಊರಿನ ಪಟ್ಟಿಯನ್ನು ನಮ್ಮ ತೋಡಿಗೆ ಹಿಡಿದು ಪಾಸು ಫೇಲು ಹೇಳುವ ಹಾಗಿಲ್ಲ. ತೋಡಿನ ಮೇಲ್ಭಾಗವೇ ಕೆಳಭಾಗಕ್ಕೆ ಅಳತೆಗೋಲು.

ಇದರ ನಂತರ ಸಿಕ್ಕಿದ್ದು ಎಲ್ಲರೂ ಹೇಳುತ್ತಿದ್ದ ರಬ್ಬರು. ಜನವರಿ 11, ಬೆಳಗ್ಗೆ 7ಕ್ಕೆ ಕೊಟ್ಟಿಗೆಯ ಕೆಳಗೆ ಪಿಎಚ್ 6.4. ಹನ್ನೊಂದು ಗಂಟೆಗೆ ಅದೇ ಜಾಗದಲ್ಲಿ 5.1, ಟಿಡಿಎಸ್ 31 ಇದ್ದದ್ದು 58, ನೊರೆ, ಹುಳಿ ಮಜ್ಜಿಗೆಯಂತಹ ವಾಸನೆ. ಮಧ್ಯಾಹ್ನ ಮೂರಕ್ಕೆ ಮತ್ತೆ 6.2. ಹಿಂದಿನ ದಿನದ ರಬ್ಬರ್ ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಗಟ್ಟಿ ಮಾಡಿ, ಮರುದಿನ ರೋಲರಿಗೆ ಕೊಟ್ಟು ಶೀಟು ತೆಗೆಯುವಾಗ ಉಳಿಯುವ ನೀರು ಅದು. ಆಮ್ಲದ ಜೊತೆಗೆ ರಬ್ಬರ್ ಹಾಲಿನಲ್ಲಿದ್ದ ಸಕ್ಕರೆ, ಪ್ರೋಟೀನು. ದಿನಕ್ಕೆ ಎರಡು ಗಂಟೆಯ ಪೆಟ್ಟು. ಸಿಕ್ಕಿತು ಕಳ್ಳ ಎಂದು ನೋಟುಬುಕ್ಕಿನಲ್ಲಿ ಕೆಂಪು ಗೆರೆ ಎಳೆದೆ.

ಆದರೆ ಕೆಳಗಿನ ಕಟ್ಟದ ಲೆಕ್ಕ ಕೂಡುತ್ತಿರಲಿಲ್ಲ. ಅಲ್ಲಿ ಆಮ್ಲಜನಕ 9.4! 30 ಡಿಗ್ರಿಯ ನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲದ್ದೇ 7.6ರಷ್ಟು. ಮೂರು ಸಲ ಅಳೆದೆ, ಮೂರು ಸಲವೂ ಹಾಗೆಯೇ. ನಾರುವ ನೀರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಆಮ್ಲಜನಕ. ಎರಡು ವಾರ ಥಯೋಸಲ್ಫೇಟನ್ನು ಅನುಮಾನಿಸಿದೆ, ಡೈಕ್ರೋಮೇಟಿನಲ್ಲಿ ಪರೀಕ್ಷಿಸಿದೆ, ಸರಿಯೇ ಇತ್ತು.

ಅತ್ತೆ ಹೇಳಿದರು, "ವಾಸನೆ ಇರುವುದು ಬೆಳಿಗ್ಗೆ. ನೀನು ಹೋಗುವುದು ಊಟ ಮಾಡಿ ಮಲಗಿ ಎದ್ದ ಮೇಲೆ."

ಮರುದಿನ ಟಾರ್ಚು ಹಿಡಿದು ಆರು ಗಂಟೆಗೆ ಹೋದೆ. ಬಾಟಲಿಯಲ್ಲಿ ಇಳಿದ ಗಸಿ ಕಂದೂ ಅಲ್ಲದ ಬಿಳಿಯೂ ಅಲ್ಲದ ಕೆನೆಬಣ್ಣ. 1.8. ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತಿತ್ತು. ಕಟ್ಟದ ನೀರಿನ ಹಸಿರು ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಮಾಡುತ್ತದೆ, ರಾತ್ರಿ ಅದೂ ಉಸಿರಾಡಿ ಖಾಲಿ ಮಾಡುತ್ತದೆ, ಕೊಳೆಯುವ ಹೊಲಸು ಉಳಿದದ್ದನ್ನು ತಿನ್ನುತ್ತದೆ. ಮಧ್ಯಾಹ್ನದ 9.4 ಒಳ್ಳೆಯದರ ಗುರುತಲ್ಲ, ಗೊಬ್ಬರ ಹೆಚ್ಚಾದ ಗುರುತು. ಅಂದರೆ ನಾನು ಹುಡುಕಬೇಕಾದದ್ದು ಆಮ್ಲವನ್ನಲ್ಲ, ಗೊಬ್ಬರವನ್ನು. ಅದು ಆಗ ಹೊಳೆಯಲಿಲ್ಲ. ಕೆಂಪು ಗೆರೆ ಎಳೆದಾಗಿತ್ತಲ್ಲ.

ಸಲ್ಫೈಡ್ ಬಾಟಲಿಗಳೂ ನನ್ನನ್ನು ಬೇಸ್ತು ಬೀಳಿಸಿದವು. ಸುರಂಗದ ನೀರು ಬಿಟ್ಟು ಎಲ್ಲ ಕಪ್ಪು, ಎಲ್ಲವೂ 24 ಗಂಟೆಯೊಳಗೆ. ಹಂದಿ, ನಾಯಿ, ಹಕ್ಕಿ ಓಡಾಡುವ ತೋಡಿನಲ್ಲಿ ಇದು ಆಗುವಂಥದ್ದೇ. ಬಾವಿನೀರಿಗೆ ಹೌದು ಅಲ್ಲ ಎಂದು ಹೇಳುವ ಬಾಟಲಿ ತೋಡಿಗೆ ಹಾಗೆಯೇ ಆಗದು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿ ಹಾಕಬೇಕು: 2 ಮಿಲಿ ತೋಡಿನ ನೀರಿಗೆ 18 ಮಿಲಿ ಕುದಿಸಿದ್ದು, ನೂರು ಪಟ್ಟಿಗೆ ಇನ್ಸುಲಿನ್ ಸಿರಿಂಜಿನಲ್ಲಿ 0.2 ಮಿಲಿ. ಕುದಿಸಿದ ನೀರು ಮಾತ್ರ ಇರುವ ಒಂದು ಬಾಟಲಿ ಪ್ರತಿ ಸಲ ಜೊತೆಗೆ. ಅದು ಕಪ್ಪಾದರೆ ಅಂದಿನ ಇಡೀ ಲೆಕ್ಕ ಕಸಕ್ಕೆ. ಒಮ್ಮೆ ಹಾಗೆ ಆಯಿತು. ಕಪ್ಪಾದ ಬಾಟಲಿಗಳಿಗೆ ಬ್ಲೀಚಿಂಗ್ ಹಾಕಿ ಒಂದು ರಾತ್ರಿ ಇಟ್ಟೇ ತೊಳೆಯುವುದು.

ಫೆಬ್ರವರಿ: ರಬ್ಬರು ನಿಂತಿತು, ವಾಸನೆ ನಿಲ್ಲಲಿಲ್ಲ

ಎಲೆ ಉದುರಿ ಚಿಗುರುವ ಹೊತ್ತಿಗೆ ರಬ್ಬರಿಗೆ ಕತ್ತಿ ಹಾಕುವುದಿಲ್ಲ. ಫೆಬ್ರವರಿ 10ಕ್ಕೆ ಟ್ಯಾಪಿಂಗ್ ನಿಂತಿತು. ಶೀಟಿಲ್ಲ, ಆಮ್ಲ ಇಲ್ಲ, ಹನ್ನೊಂದು ಗಂಟೆಗೂ ಪಿಎಚ್ 6.4. ಕೆಳಗಿನ ಕಟ್ಟ ಹೇಗಿತ್ತೋ ಹಾಗೆಯೇ. 20ನೇ ತಾರೀಕು ಬೆಳಗ್ಗೆ ಆಮ್ಲಜನಕ 1.4, ಮೊದಲಿಗಿಂತ ಕಡಿಮೆ. ಹತ್ತು ಪಟ್ಟು ತೆಳು ಮಾಡಿದ ಬಾಟಲಿ 20 ಗಂಟೆಗೆ ಕಪ್ಪು. ರಬ್ಬರ್ ಕೊಟ್ಟಿಗೆಯ ಕೆಳಗಿನದ್ದು ಅಷ್ಟೇ ತೆಳುವಿನಲ್ಲಿ 48 ಗಂಟೆಗೂ ತಿಳಿ.

ಈಗ ಮುನ್ನೂರು ರೂಪಾಯಿಯ ಮೀಟರು ನೆನಪಾಯಿತು. ತೋಡಿನ ಮೂಲ ನೀರಿನ ಟಿಡಿಎಸ್ 30ರ ಆಸುಪಾಸಿನಲ್ಲಿ ಇರುವಾಗ ಯಾವುದೇ ಹೊರಗಿನ ನೀರು ಸೇರಿದರೆ ಅಂಕಿ ಜಿಗಿಯಲೇಬೇಕಲ್ಲ. ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಅದು ಸುಳ್ಳು ಹೇಳಬಹುದು. ಎಲ್ಲಿಂದ ಬಂತು ಎಂದು ಕೇಳಿದರೆ ಬೇಟೆನಾಯಿಯ ಹಾಗೆ ಮೂಸಿಕೊಂಡು ಹೋಗುತ್ತದೆ. ಪಿಎಚ್ ಮೀಟರಿನಂತೆ ಕಾಯಿಸುವುದೂ ಇಲ್ಲ, ಹತ್ತು ಸೆಕೆಂಡು ಸಾಕು.

ಫೆಬ್ರವರಿ 26, ಬೆಳಗ್ಗೆ ಏಳಕ್ಕೆ ಕೆಳಗಿನ ಕಟ್ಟದಿಂದ ಮೇಲಕ್ಕೆ ಹತ್ತತ್ತು ಹೆಜ್ಜೆಗೆ ಅದ್ದುತ್ತಾ ನಡೆದೆ. 44, 44, 45, 44. ಒಂದು ಬಾಗು ಕಳೆದು ಮತ್ತೆ ಅದ್ದಿದೆ, 31. ಹಿಂದೆ ಬಂದೆ, 44. ನಡುವೆ ಇದ್ದದ್ದು ಒಂದು ಕಣಿ, ಅಂದರೆ ಸಣ್ಣ ಕಾಲುವೆ. ಕಂಗಿನ ತೋಟದ ಒಳಗಿಂದ, ಕೆಸುವಿನ ಎಲೆಯ ಅಡಿಯಲ್ಲಿ ಸದ್ದಿಲ್ಲದೆ ಬಂದು ತೋಡಿಗೆ ಸೇರುವ ಕಣಿ. ಅದರಲ್ಲಿ ಅದ್ದಿದರೆ 640.

ಆ ತೋಟ ನಮ್ಮದು.

ಒಪ್ಪಿಕೊಳ್ಳುವ ಮೊದಲು ಲೆಕ್ಕ ಮಾಡಿದೆ. ತಪ್ಪಿಸಿಕೊಳ್ಳಲು ಏನಾದರೂ ಸಂದು ಇದೆಯೋ ಎಂದು. ತೋಡಿನ ಅಗಲ 90 ಸೆಂ.ಮೀ., ಸರಾಸರಿ ಆಳ 8. ಮೂರು ಮೀಟರು ದೂರಕ್ಕೆ ತೇಲುಕಾಯಿ 20 ಸೆಕೆಂಡು. ಮೊದಲು ಥರ್ಮಾಕೋಲ್ ಚೂರು ಬಿಟ್ಟಿದ್ದೆ, ಗಾಳಿಗೆ ದಡ ಹಿಡಿದು ಕೂತಿತು. ಹೇರಳೆಕಾಯಿ ನೀರಿನಲ್ಲಿ ಬಹುಪಾಲು ಮುಳುಗಿ ತೇಲುವುದರಿಂದ ಸರಿಯಾದ ವೇಗ ಹೇಳುತ್ತದೆ. ಮೇಲ್ಮೈಯ ವೇಗಕ್ಕಿಂತ ತಳದ ನೀರು ನಿಧಾನ, ಹಾಗಾಗಿ 0.8ರಿಂದ ಗುಣಿಸಿ, ಸೆಕೆಂಡಿಗೆ 8.6 ಲೀಟರು. ಕಣಿಯ ಬಾಯಿಗೆ ಹಾಳೆ ಸಿಕ್ಕಿಸಿ ಬಾಲ್ದಿ ಹಿಡಿದೆ, ಹತ್ತು ಲೀಟರು ತುಂಬಲು 50 ಸೆಕೆಂಡು, ಅಂದರೆ ಸೆಕೆಂಡಿಗೆ 0.2. ಈಗ 8.6 ಲೀಟರು 31ರ ನೀರಿಗೆ 0.2 ಲೀಟರು 640ರ ನೀರು ಬೆರೆಸಿದರೆ ಎಷ್ಟಾಗಬೇಕು? 45. ಮೀಟರು ತೋರಿಸಿದ್ದು 44. ಸಂದು ಇರಲಿಲ್ಲ. ಕಣಿಯ ನೀರನ್ನು ನೂರು ಪಟ್ಟು ತೆಳು ಮಾಡಿ ಇಟ್ಟ ಬಾಟಲಿ 14 ಗಂಟೆಗೆ ಮಸಿಯಂತಾಯಿತು.

ಕಣಿ ಹಿಡಿದು ಮೇಲೆ ಹೋದರೆ ಹಟ್ಟಿಯ ಹಿಂಬದಿ. ಗೋಬರ್ ಗ್ಯಾಸಿನ ಸ್ಲರಿ ಗುಂಡಿಯ ಮುರಕಲ್ಲಿನ ಗೋಡೆ ನೆಲಕ್ಕೆ ಸೇರುವಲ್ಲಿ ಗಾರೆ ಬಿಟ್ಟಿತ್ತು, ಅಲ್ಲಿಂದ ಒಂದು ಹೆಗ್ಗಣದ ಬಿಲ ನೇರ ಕಣಿಗೆ. ಹಟ್ಟಿ ತೊಳೆದ ನೀರಂತೂ ರಾಜಾರೋಷವಾಗಿ ಅದೇ ಕಣಿಗೆ.

"ಹಟ್ಟಿಯ ನೀರು ತೋಟಕ್ಕೆ ಹೋದರೆ ಗೊಬ್ಬರ, ಅದು ಹೊಲಸು ಹೇಗಾಗುತ್ತದೆ? ನಾನು ಬಂದ ಕಾಲದಿಂದ ಹೋಗುತ್ತಿದೆ" ಎಂದರು ಅತ್ತೆ. ಅವರ ಮಾತೂ ಸುಳ್ಳಲ್ಲ. ಆದರೆ ಅವರು ಬಂದ ಕಾಲದಲ್ಲಿ ಹಟ್ಟಿಗೆ ಸೊಪ್ಪು ಹಾಸುತ್ತಿದ್ದರು. ಸೆಗಣಿ, ಗಂಜಲ ಎಲ್ಲ ಸೊಪ್ಪಿಗೆ ಹಿಡಿದು ಗೊಬ್ಬರವಾಗಿ ಬುಟ್ಟಿಯಲ್ಲಿ ಹೊರಗೆ ಬರುತ್ತಿತ್ತು, ಒಂದು ತಂಬಿಗೆ ನೀರೂ ಹರಿಯುತ್ತಿರಲಿಲ್ಲ. ಸೊಪ್ಪು ಕಡಿಯಲು ಜನ ಸಿಗದಾದ ಮೇಲೆ ನೆಲಕ್ಕೆ ಕಾಂಕ್ರೀಟು ಹಾಕಿದ್ದು ನಾವು. ಪೈಪು ಹಿಡಿದು ದಿನಕ್ಕೆರಡು ಸಲ ತೊಳೆಯಲು ಶುರು ಮಾಡಿದ್ದೂ ನಾವು. ದನ ನಾಲ್ಕೇ, ನೀರು ಮಾತ್ರ ನಾನೂರು ಲೀಟರು. ಮಳೆಗಾಲದಲ್ಲಿ ಅದು ಯಾರಿಗೂ ಗೊತ್ತಾಗದೆ ಹೊಳೆಗೆ ಹೋಗುತ್ತಿತ್ತು. ಕಟ್ಟ ಹಾಕಿದ ಮೇಲೆ ಹೋಗಲು ದಾರಿ ಇಲ್ಲ.

ಮಾರ್ಚ್: ಗಾರೆ ಕೆಲಸ

ಸ್ಲರಿ ಗುಂಡಿ ಖಾಲಿ ಮಾಡಲು ಇಬ್ಬರಿಗೆ ಎರಡು ದಿನ. ಅದರ ವರ್ಣನೆ ಬೇಡ. ಬಿಲಕ್ಕೆ ಕಲ್ಲು ಮತ್ತು ಸಿಮೆಂಟು ತುಂಬಿ, ಒಳಗೋಡೆಯ ಹಳೆಯ ಗಾರೆ ಕೆತ್ತಿ, ಒಂದಕ್ಕೆ ನಾಲ್ಕು ಮರಳಿನ ಸಿಮೆಂಟು ಗಾರೆ, ಜೊತೆಗೆ ನೀರು ಸೋರದ ಪುಡಿ. ಗೋಡೆ ನೆಲಕ್ಕೆ ಸೇರುವ ಮೂಲೆಯನ್ನು ಬಾಟಲಿಯಿಂದ ಉಜ್ಜಿ ದುಂಡಗೆ ಮಾಡಿಸಿದೆ, ಬಿರುಕು ಏಳುವುದು ಅಲ್ಲೇ. ಏಳು ದಿನ ನೀರುಣಿಸಿದ್ದು.

ತೊಳೆದ ನೀರಿಗೆ ಎರಡಿಂಚಿನ ಪಿವಿಸಿ ಪೈಪು 30 ಮೀಟರು ಎಳೆದು ದನಗಳ ನೇಪಿಯರ್ ಹುಲ್ಲಿನ ತಾಕಿಗೆ ಬಿಟ್ಟೆ. ನಾಲ್ಕನೇ ದಿನ ಬೈಹುಲ್ಲು ಸಿಕ್ಕಿ ಪೈಪು ಕಟ್ಟಿತು, ಹಟ್ಟಿಯೆಲ್ಲ ಕೆರೆ. ನೀರು ಇಳಿಯುವಲ್ಲಿ ಒಂದು ಹಳೆಯ ಬ್ಯಾರೆಲು ಹೂತು, ಅದರ ಬಾಯಿಗೆ ತರಕಾರಿ ಕ್ರೇಟು ಜರಡಿಯಂತೆ ಇಟ್ಟ ಮೇಲೆ ಸರಿಹೋಯಿತು. ದಿನಾ ಕ್ರೇಟು ಎತ್ತಿ ಒದರಬೇಕು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಖರ್ಚಿಲ್ಲದ ಕೆಲಸ: ಪೈಪು ಹಿಡಿಯುವ ಮೊದಲು ಸೆಗಣಿಯನ್ನು ಒಣಗೇ ಬಾಚಿ ಗ್ಯಾಸಿನ ಗುಂಡಿಗೆ ಹಾಕುವುದು. ನಾನೂರು ಲೀಟರು ನೂರೈವತ್ತಕ್ಕೆ ಇಳಿಯಿತು. ಒಟ್ಟು ಖರ್ಚು ಒಂಬತ್ತು ಸಾವಿರದ ಹತ್ತಿರ, ನೀರು ಪರೀಕ್ಷೆಯ ಸಾಮಾನು ಬಿಟ್ಟು.

ಗಾರೆ ಒಣಗುವಷ್ಟರಲ್ಲಿ ರಬ್ಬರಿನವರ ಮನೆಗೆ ಹೋಗಿ ನೋಟುಬುಕ್ಕು ತೋರಿಸಿದೆ. ನಮ್ಮ ಹಟ್ಟಿಯ ಪುಟ ಮೊದಲು, ಅವರ ಪುಟ ಆಮೇಲೆ. ಅವರು ಎರಡನ್ನೂ ನಿಧಾನ ಓದಿ, "ಟೀಚರೇ, ಹನ್ನೊಂದು ಮಂದಿಗೂ ಇದನ್ನು ತೋರಿಸಿದ್ದೀರಾ?" ಎಂದು ಕೇಳಿದರು. ತೋರಿಸಿರಲಿಲ್ಲ. ಮುಂದಿನ ವಾರ ತೋರಿಸಿದೆ. ಕೆಲವರು ನಕ್ಕರು, ಇಬ್ಬರು ತಮ್ಮ ಹಟ್ಟಿಯ ಹಿಂದೆಯೂ ಮೀಟರು ಅದ್ದಲು ಕರೆದರು. ರಬ್ಬರಿನವರು ಚಿಗುರು ಬಲಿತು ಟ್ಯಾಪಿಂಗ್ ಶುರುವಾಗುವ ಮೊದಲೇ ಕೊಟ್ಟಿಗೆಯ ಹಿಂದೆ ಒಂದು ಗುಂಡಿ ತೋಡಿ, ಶೀಟಿನ ನೀರಿಗೆ ಸುಣ್ಣ ಹಾಕಿ, ಸ್ವಂತ ತೋಟದ ತಟ್ಟಿಗೆ ಬಿಟ್ಟರು.

ಏಪ್ರಿಲ್ ಮತ್ತು ಆಮೇಲೆ

ಏಪ್ರಿಲ್ 12, ಬೆಳಗ್ಗೆ ಆರು. ಕೆಳಗಿನ ಕಟ್ಟದಲ್ಲಿ ಆಮ್ಲಜನಕ 4.2. ಐದು ಮುಟ್ಟಲಿಲ್ಲ. ತಳದ ಕೆಸರಿನಲ್ಲಿ ನಾಲ್ಕು ತಿಂಗಳ ಹೊಲಸು ಉಂಟು, ಮಳೆ ಬಂದು ಕಟ್ಟ ಬಿಚ್ಚುವವರೆಗೆ ಅದು ಹೋಗುವುದಿಲ್ಲ. ಹತ್ತು ಪಟ್ಟು ತೆಳುವಿನ ಬಾಟಲಿ 40 ಗಂಟೆಗೆ ಕಪ್ಪು. ಇನ್ನೂ ಹಟ್ಟಿಗಳಿವೆ, ನಾಯಿಗಳಿವೆ. ವಾಸನೆ ಮಾತ್ರ ಇಲ್ಲ. ಏಪ್ರಿಲ್ 24ರಂದು ಹನ್ನೊಂದು ಗಂಟೆಗೆ ರಬ್ಬರಿನ ಕೆಳಗೆ ಪಿಎಚ್ 6.1.

ಹುಳ ನೋಡುವ ಕೆಲಸವನ್ನು ನಾನು ಮೊದಲೇ ಮಾಡಬೇಕಿತ್ತು. ಸೊಳ್ಳೆಪರದೆಯ ತುಂಡನ್ನು ಎರಡು ಕೋಲಿಗೆ ಕಟ್ಟಿ ಹರಿವಿಗೆ ಅಡ್ಡ ಹಿಡಿದು, ಮೇಲ್ಬದಿಯ ಕಲ್ಲುಗಳನ್ನು ಕಾಲಿನಿಂದ ಕೆದಕುವುದು, ಬಂದದ್ದನ್ನು ಬಿಳಿ ಬಟ್ಟಲಿಗೆ ಕೊಡವುವುದು. ಸುರಂಗದ ಕೆಳಗಿನ ಕಲ್ಲುಗಳಲ್ಲಿ ಮೂರು ಬಾಲದ ಚಪ್ಪಟೆ ಮೇಫ್ಲೈ ಮರಿಗಳು, ಮರಳಿನ ಕಣ ಅಂಟಿಸಿ ಕೊಳವೆಯಂತೆ ಮನೆ ಕಟ್ಟಿಕೊಂಡ ಹುಳಗಳು. ಇವೆರಡೂ ಆಮ್ಲಜನಕ ಕಡಿಮೆಯಾದರೆ ಬಾಳುವುದು ಕಷ್ಟ. ನಮ್ಮ ಕಣಿಯ ಕೆಳಗೆ ಒಂದೂ ಇರಲಿಲ್ಲ, ಇದ್ದದ್ದು ಕೆಂಪು ದಾರದಂತಹ ಹುಳಗಳು. ನಮ್ಮ ರಕ್ತದಲ್ಲಿರುವ ಹಾಗೆಯೇ ಹಿಮೋಗ್ಲೋಬಿನ್ ಇರುವುದರಿಂದ ಉಸಿರು ಕಟ್ಟುವ ಕೆಸರಿನಲ್ಲೂ ಬದುಕುತ್ತವೆ. ಬಾಟಲಿ ಆ ಕ್ಷಣದ ನೀರು ಹೇಳುತ್ತದೆ, ಹುಳ ತಿಂಗಳುಗಳ ಲೆಕ್ಕ ಹೇಳುತ್ತದೆ. ರಾತ್ರಿಯದ್ದೂ ಸೇರಿ.

ಎಲ್ಲರೂ ಕೇಳುವ ಪ್ರಶ್ನೆ ಬೇರೆ: "ಟೀಚರೇ, ಇದರಲ್ಲಿ ಎಂಡೋಸಲ್ಫಾನ್ ಗೊತ್ತಾಗುತ್ತದಾ?" 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದನ್ನು ಕಂಡ ಊರಿದು, ಈ ಪ್ರಶ್ನೆ ಬರದೆ ಇರುವುದಿಲ್ಲ. ನನ್ನ ಕೊಟ್ಟಿಗೆಯ ಯಾವ ಬಾಟಲಿಗೂ ಅದು ಕಾಣುವುದಿಲ್ಲ. ಕೀಟನಾಶಕಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುವ ಲ್ಯಾಬೇ ಬೇಕು. ಅಡಿಕೆಗೆ ಮದ್ದಾಗಿ ಬಿಡುವ ಬೋರ್ಡೋ ದ್ರಾವಣದ ತಾಮ್ರವೂ ಹಾಗೆಯೇ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಹಾಕಿ, ಕತ್ತಿ ಅದ್ದಿ ಕೆಂಪು ಹಿಡಿಯದ ಹಾಗೆ ನೋಡಿಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತು. ಕತ್ತಿಗೆ ಕೆಂಪು ಹಿಡಿದರೆ ಅದು ಬಿಡಿ ತಾಮ್ರ, ಹಿಂಗಾರಕ್ಕೂ ಕೇಡು, ತೋಡಿನ ಮರಿಗಳಿಗೂ ಕೇಡು. ಅಮೋನಿಯಾ ಹಾಕಿದರೆ ನೀಲಿ ಬರುವಷ್ಟು ತಾಮ್ರ ತೋಡಿಗೆ ಬರುವ ಹೊತ್ತಿಗೆ ಮೀನು ಉಳಿದಿರುವುದಿಲ್ಲ. ಹಾಗಾಗಿ ಮದ್ದು ಬಿಡುವವರಿಗೆ ನಾನು ಹೇಳಿದ್ದು ಒಂದೇ: ಡ್ರಮ್ಮು ತೊಳೆಯುವುದು ತೋಡಿನಲ್ಲಿ ಬೇಡ, ಕಂಗಿನ ಬುಡದಲ್ಲಿ ತೊಳೆಯಿರಿ. ಈ ವರ್ಷ ಮೂರು ಮನೆಯವರು ಹಾಗೆ ಮಾಡಿದ್ದಾರೆ.

ಮೇ 29ಕ್ಕೆ ಕಟ್ಟ ಬಿಚ್ಚಿದೆವು. ಕಪ್ಪು ಕೆಸರು ಹೊಳೆಯ ಕಡೆಗೆ ಹೋಯಿತು, ಅದನ್ನು ನೋಡುತ್ತಾ ನಿಂತೆ, ಬೇರೇನೂ ಮಾಡುವ ಹಾಗಿರಲಿಲ್ಲ. ಬರುವ ವರ್ಷ ಬಿಚ್ಚುವ ಮೊದಲು ಕೆಸರು ಬಾಚಿ ತೆಂಗಿನ ಬುಡಕ್ಕೆ ಹಾಕಬೇಕು ಎಂದು ಬರೆದಿಟ್ಟಿದ್ದೇನೆ.

ಜೂನ್ 6. ರಾತ್ರಿಯಿಡೀ ಮಳೆ. ಕಲಕು ಕೊಳವೆಯಲ್ಲಿ ಇಡೀ ಬೇಸಿಗೆ 60 ಸೆಂಟಿಮೀಟರು ತುಂಬಿದರೂ ಬಿಲ್ಲೆ ಕಾಣುತ್ತಿತ್ತು. ಇವತ್ತು 4. ನೀರು ಕುಂಕುಮದ ಬಣ್ಣ. ಟಿಡಿಎಸ್ 27, ಮೀಟರಿಗೆ ಇದರಲ್ಲಿ ಏನೂ ಕಾಣುವುದಿಲ್ಲ. ಸುರಂಗದ ಕಡೆಯ ನೀರು ತಿಳಿ ಇದೆ, ಎಡಗಡೆಯ ಕವಲಿನದ್ದು ಮಾತ್ರ ಕೆಂಪು. ಆ ಕವಲು ಬರುವುದು ಕಲ್ಲು ಕಡಿಯುವ ಪಣೆ ಇರುವ ಗುಡ್ಡೆಯಿಂದ. ಈ ಸಲ ಮೊದಲೇ ಯಾರ ಹೆಸರೂ ಹೇಳುವುದಿಲ್ಲ. ಮಳೆ ಸ್ವಲ್ಪ ಬಿಡಲಿ, ಕೊಳವೆ ಹಿಡಿದುಕೊಂಡು ಹತ್ತಿ ನೋಡಿ ಬರುತ್ತೇನೆ.